ಬಾಗಿಲ ಕಡೆ ಮೂತಿ ಮಾಡಿದ ಶೂ

ನಾಲ್ಕು ವರ್ಷದಿಂದ ನಾಳೆ ನಾಳೆ ಎಂದು ಮುಂದೂಡಿದ ಮಾತಿದು. ಇವತ್ತು ಬರೆದುಬಿಡುತ್ತೇನೆ.

ನನ್ನ ಮೊಮ್ಮಗಳು ಬೆಳಿಗ್ಗೆ ಆರಕ್ಕೆ ನನ್ನ ಶೂಗಳನ್ನು ಬಾಗಿಲ ಕಡೆ ಮೂತಿ ಮಾಡಿ ಇಡುತ್ತಿದ್ದಳು. ಕಾಲು ತೂರಿಸಿದರೆ ಹೊರಗೇ ಹೋಗಬೇಕು, ಹಾಗೆ. ಆಗ ಅವಳಿಗೆ ಹದಿನಾಲ್ಕು. ನಾನು ಮಂಡ್ಯ ಕಡೆಯವನು, ಕೇಂದ್ರ ಸರ್ಕಾರದ ಕಚೇರಿಯ ಗುಮಾಸ್ತನಾಗಿ ತಿರುವನಂತಪುರಕ್ಕೆ ಬಂದು ಇಲ್ಲಿನ ಪಟ್ಟಂ ಬಡಾವಣೆಯಲ್ಲೇ ಉಳಿದವನು. ಅವಳು ಹುಟ್ಟಿದ್ದೇ ಇಲ್ಲಿ. ನಾನು ಕನ್ನಡದಲ್ಲಿ ಗೊಣಗಿದರೆ ಮಲಯಾಳಂನಲ್ಲಿ ಉತ್ತರ: "ತಾತಾ, ಪೋಗಾಂ!" ಅಂದರೆ ಹೋಗೋಣ. ಬೇರೆ ಚರ್ಚೆ ಇಲ್ಲ.

ನನಗೆ ಸಕ್ಕರೆ ಕಾಯಿಲೆ ಎಂದು ತಿಳಿದ ದಿನವೇ ಮನೆಯ ಸಕ್ಕರೆ ಡಬ್ಬಕ್ಕೆ ಹುರುಳಿಕಾಳು ತುಂಬಿದಳು. ಅಜ್ಜಿಯ ಬಿಪಿಗಾಗಿ ಉಪ್ಪಿನಕಾಯಿ ಜಾಡಿ ಅಟ್ಟ ಏರಿತು. "ಬೇಕಾದವರು ಏಣಿ ಹತ್ತಿ. ಅದೂ ಎಕ್ಸರ್‌ಸೈಜೇ!"

ಸಂಜೆ ಮಾತ್ರ ನಾನೊಬ್ಬನೇ ನಡೆಯಬೇಕಿತ್ತು. ನಡೆಯುತ್ತಿದ್ದೆ, ಚಹಾದಂಗಡಿಯವರೆಗೆ. ಅಲ್ಲಿ ಎರಡು ಪಳಂಪೊರಿ, ಎಣ್ಣೆ ಜಿನುಗುವ ಬಾಳೆಹಣ್ಣಿನ ಬಜ್ಜಿ. ಒಂದು ದಿನ ಬ್ಯಾಡ್ಮಿಂಟನ್ ಮುಗಿಸಿ ಸೈಕಲ್ಲಿನಲ್ಲಿ ಒಬ್ಬಳೇ ಬರುತ್ತಿದ್ದವಳು ನೋಡಿದಳು. ಊಟಕ್ಕೆ ಕೂತಾಗ ಎಲ್ಲರೆದುರು ನಕ್ಕಳು: "ತಾತ ಕಳ್ಳ! ಎರಡು ಪಳಂಪೊರಿ, ಮೇಲೆ ಚಾಯ!"

ನನಗೆ ಉರಿಯಿತು. "ಅದಿರ್ಲಿ, ಅಲ್ಲಿ ಯಾವ ಹುಡುಗನ ಜೊತೆ ನಿಂತಿದ್ದೆ, ಅದನ್ನ ಹೇಳು ನಿಮ್ಮಪ್ಪಂಗೆ" ಎಂದೆ.

ಯಾವ ಹುಡುಗನೂ ಇರಲಿಲ್ಲ.

ಮಗ ಅಲ್ಲೇ, ನಾಳೆಯಿಂದಲೇ ಬ್ಯಾಡ್ಮಿಂಟನ್ ಬಂದ್ ಎಂದ. ಜಿಲ್ಲಾ ತಂಡದ ಆಯ್ಕೆಗೆ ಹತ್ತು ದಿನವಿತ್ತು. ಅವಳು ನನ್ನನ್ನು ಒಂದು ಸಲ ನೋಡಿದಳು. ನಾನು ಮಜ್ಜಿಗೆ ಅನ್ನ ಕಲಸಿಕೊಂಡೆ.

ಬೆಳಿಗ್ಗೆ ಎದ್ದರೆ ಶೂ ಬಾಗಿಲ ಕಡೆಗೇ ಮೂತಿ ಮಾಡಿತ್ತು.

ಆಮೇಲೆ ಆ ಅಂಗಡಿಗೆ ಕಾಲಿಟ್ಟಿಲ್ಲ. ವರ್ಷದೊಳಗೆ ಡಾಕ್ಟರು ನನ್ನ ಒಂದು ಮಾತ್ರೆ ನಿಲ್ಲಿಸಿದರು. ಮಗ ಸಿಗರೇಟು ಬಿಟ್ಟ. ಹೆಂಡತಿ, ಸೊಸೆ ಎಲ್ಲರೂ ನಡೆಯಲು ಬಂದರು. ಫ್ಲಾಟಿನವರು ನಮ್ಮನ್ನು ಕಂಡರೆ "ಜಾಥಾ ಬಂತು" ಎನ್ನುತ್ತಾರೆ. ನನ್ನ ಮನೋಬಲವನ್ನು ಹೊಗಳುತ್ತಾರೆ. ನಾನು ಹೊಗಳಿಸಿಕೊಂಡಿದ್ದೇನೆ.

ಈಗ ಅವಳು ಕೊಚ್ಚಿಯಲ್ಲಿ ಓದುತ್ತಾಳೆ. ಹೋದ ತಿಂಗಳು ನೋಡಲು ಹೋಗಿದ್ದೆ. ಎಡಪ್ಪಳ್ಳಿಯ ಮೆಟ್ರೊ ನಿಲ್ದಾಣದಲ್ಲಿ ಅವಳು ಎಸ್ಕಲೇಟರ್ ತೋರಿಸಿದರೆ ನಾನು ಮೆಟ್ಟಿಲು ಹಿಡಿದೆ. ಎಪ್ಪತ್ತೆರಡರ ಮುದುಕ, ಎಲ್ಲೂ ನಿಲ್ಲದೆ ಹತ್ತಿದೆ! ಮೇಲೆ ಕಾಯುತ್ತಿದ್ದವಳು ಜನರ ನಡುವೆಯೇ ಚಪ್ಪಾಳೆ ತಟ್ಟಿದಳು.

"ಯಾರ ಟ್ರೈನಿಂಗು, ತಾತಾ?"

"ನಿಂದೇ ಕಣೇ."

ತಪ್ಪಾಯ್ತು ಮಗಳೇ ಎನ್ನಲು ಬಾಯಿ ತೆರೆದೆ. "ನೀರು ಕೊಡು" ಎಂದೆ.

ಬರೆದ ಈ ಹಾಳೆಯನ್ನು ಮೊದಲು ಮಗನ ಕೈಗೆ ಕೊಡುತ್ತೇನೆ. ಆ ಸಂಜೆ ಅವಳು ಒಬ್ಬಳೇ ಇದ್ದಳು. ಅವಳ ಹೆಸರು ಚಿನ್ಮಯಿ.