ಅಂಗೈಗೆ ಬಿದ್ದ ದ್ರಾಕ್ಷಾರಸ

ನನ್ನ ಯಜಮಾನರಿಗೆ ಆಂಧ್ರದ ಗಡಿಯ ಆದೋನಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಹತ್ತಿ ಬೀಜ ಹೆಚ್ಚು ಮಾರಿದ ಅಂಗಡಿಯವರನ್ನು ಕಂಪನಿಯವರು ಹೆಂಡತಿ ಸಮೇತ ಎಲ್ಲಾದರೂ ತಿರುಗಾಡಿಸಿಕೊಂಡು ಬರುವುದುಂಟು. ಈ ಸಲ ಗ್ರೀಸ್ ದೇಶದ ಕಡೆ ಹಡಗಿನ ಪ್ರವಾಸ ಎಂದರು. ಮಂತ್ರಾಲಯದ ಹೊಳೆ ಬಿಟ್ಟರೆ ದೊಡ್ಡ ನೀರು ಕಾಣದವಳು ನಾನು. ಆದರೂ ಸಮುದ್ರದ ಭಯ ಇರಲಿಲ್ಲ. ಹಡಗಿನಲ್ಲಿ ಊಟದ ಜೊತೆ ಬಾಟಲಿ ಇಡುತ್ತಾರೆಂದು ಹೋಗಿ ಬಂದವರೊಬ್ಬರು ಹೇಳಿದ್ದರು, ಭಯ ಅದರದು.

ನಮ್ಮವರು ಒಂದು ಕಾಲಕ್ಕೆ ಬಹಳ ಕುಡಿಯುತ್ತಿದ್ದರು. ಬಿತ್ತನೆಯ ದಿನಗಳಲ್ಲಿ ರೈತರು ಅಂಗಡಿಯ ಮುಂದೆ ನಿಂತಿದ್ದರೆ ಇವರು ಒಳಗೆ ಮೂಟೆಗಳ ಹಿಂದೆ ಮಲಗಿರುತ್ತಿದ್ದರು. ನಾನೇ ಹೋಗಿ ಬೀಜ ಕೊಟ್ಟು ಕಳಿಸಿದ ದಿನಗಳಿವೆ. ನಮ್ಮ ಸೀಮೆಯಲ್ಲಿ ಇದಕ್ಕೊಂದು ದಾರಿ ಇದೆ: ಪಾಂಡುರಂಗನ ಗುಡಿಗೆ ಕರೆದುಕೊಂಡು ಹೋಗಿ ಕೊರಳಿಗೆ ತುಳಸಿ ಮಾಲೆ ಹಾಕಿಸುವುದು. ಹಾಕಿದ ಮೇಲೆ ಒಂದು ಹನಿಯೂ ನಾಲಿಗೆಗೆ ತಾಗಬಾರದು. ತವರು ಪೆದ್ದಹರಿವಾಣದಿಂದ ನನ್ನ ಅಣ್ಣ ಬಂದು ಇವರನ್ನು ಗುಡಿಗೆ ಕರೆದುಕೊಂಡು ಹೋದ. ಇವರು ಮಾಲೆ ಹಾಕಿಸಿಕೊಂಡು ಬಂದು, ತಲೆ ತಗ್ಗಿಸಿ ಅಂಗಡಿ ತೆರೆದರು. ಅದಾಗಿ ಒಂಬತ್ತು ವರ್ಷ. ಕುಡಿತದ ಕಥೆ ಅಲ್ಲಿಗೆ ಮುಗಿಯಿತು ಎಂದೇ ನಾನು ತಿಳಿದಿದ್ದೆ. ಮುಗಿದದ್ದೇ ಆದರೆ ಬಾಟಲಿಗೆ ಏಕೆ ಹೆದರಿದೆ ಎಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಹಡಗಿನಲ್ಲಿ ದೇವರು ಕೈಬಿಡಲಿಲ್ಲ. ಮೊಸರು ಸಿಕ್ಕಿತು, ಅನ್ನ ಸಿಕ್ಕಿತು. ಬೆಳಿಗ್ಗೆ ಕಿಟಕಿಯಲ್ಲೇ ಸೂರ್ಯ ಹುಟ್ಟುವುದು ಕಾಣುತ್ತಿತ್ತು, ಕೈಮುಗಿಯಲು ದಿಕ್ಕು ಹುಡುಕುವುದು ತಪ್ಪಿತು. ಎರಡು ದಿನ ಇವರು ನೀರು ಕುಡಿದುಕೊಂಡೇ ಎಲ್ಲರ ಜೊತೆ ನಕ್ಕರು.

ಮೂರನೆಯ ದಿನ ಒಂದು ದ್ವೀಪದಲ್ಲಿ ಇಳಿಸಿ ದ್ರಾಕ್ಷಿ ತೋಟಕ್ಕೆ ಕರೆದುಕೊಂಡು ಹೋದರು. ತೋಟವೆಂದರೆ ಚಪ್ಪರವಿಲ್ಲ, ತಂತಿಯಿಲ್ಲ. ಬಳ್ಳಿಗಳನ್ನು ಕೊಡ ಹೊರುವಾಗ ತಲೆಯ ಮೇಲಿಡುವ ಸಿಂಬಿಯ ಹಾಗೆ ಸುತ್ತಿ ನೆಲಕ್ಕೇ ಕೂಡಿಸಿದ್ದರು. ಗಾಳಿ ಬಹಳ, ಅದಕ್ಕೇ ಹೀಗೆ. ಗೊನೆಗಳು ಸಿಂಬಿಯ ಒಳಗೆ ಅವಿತುಕೊಂಡಿರುತ್ತವಂತೆ. ಕಂಪನಿಯವರ ಜೊತೆ ಬಂದಿದ್ದ ತೆಲುಗು ಹುಡುಗಿಯೊಬ್ಬಳು ಇದನ್ನೆಲ್ಲ ನಮಗೆ ತೆಲುಗಿನಲ್ಲಿ ಹೇಳುತ್ತಿದ್ದಳು. ಬೇಸಿಗೆಯಲ್ಲಿ ಮಳೆಯೇ ಇಲ್ಲ, ಸಮುದ್ರದ ಮಂಜೇ ಬಳ್ಳಿಗೆ ನೀರು ಎಂದಾಗ ಇವರು ಕುಕ್ಕರುಗಾಲಿನಲ್ಲಿ ಕುಳಿತು ಮಣ್ಣು ಕೈಗೆ ತೆಗೆದುಕೊಂಡು ತಿಕ್ಕಿ ನೋಡಿದರು.

"ನಮ್ಮ ಚಿಪ್ಪಗಿರಿ ಹೊಲಾನೇ ವಾಸಿ. ಇಂಥಾದ್ರಾಗ ಹಣ್ಣು ಬಿಡಸ್ಯಾರಲ್ಲ, ಕೈ ಮುಗೀಬೇಕು ಇವ್ರಿಗೆ" ಎಂದರು.

ಆಮೇಲೆ ಅಂಗಳದ ಮೇಜಿನ ಮೇಲೆ ಸಣ್ಣ ಗ್ಲಾಸುಗಳಲ್ಲಿ ಒಂದೊಂದೇ ಬಗೆಯ ವೈನ್ ಸುರಿದರು. ನಮ್ಮಿಬ್ಬರಿಗೆ ಬರೀ ದ್ರಾಕ್ಷಿ ಹಣ್ಣಿನ ರಸ. ಮೊದಲನೆಯದು ತಿಳಿ ಹಳದಿ. ಗೋನೆಗಂಡ್ಲದಲ್ಲಿ ಅಂಗಡಿ ಇಟ್ಟವರೊಬ್ಬರು ನಮ್ಮ ಪಕ್ಕದಲ್ಲಿದ್ದರು, ಮಾತಿನ ಮಲ್ಲ. ಕುಡಿದು ಮುಖ ಕಿವಿಚಿದರು. "ಹುಣಸಿ ನೀರಿಗೆ ಉಪ್ಪು ಹಾಕಿದಂಗ ಐತಿ. ಇದನ್ನ ಕುಡಿಯಾಕ ಇಷ್ಟು ದೂರ ಬಂದ್ವೇನು?" ಆದರೂ ಇನ್ನೊಮ್ಮೆ ಹಾಕಿಸಿಕೊಂಡರು.

ಕೊನೆಯದು ಬೆಲ್ಲದ ಪಾಕದ ಬಣ್ಣದ್ದು. ನಾವು ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುವ ಹಾಗೆ ಹಣ್ಣನ್ನು ಬಿಸಿಲಿಗೆ ಹರವಿ, ಬಾಡಿದ ಮೇಲೆ ಹಿಂಡುತ್ತಾರಂತೆ. ಇಲ್ಲಿಯ ಚರ್ಚುಗಳಲ್ಲಿ ಇದನ್ನೇ ದೇವರ ಮುಂದಿಟ್ಟು ಭಕ್ತರಿಗೆ ತೀರ್ಥದ ಹಾಗೆ ಕೊಡುತ್ತಾರೆ ಎಂದಳು ಆ ಹುಡುಗಿ.

ಅದು ಏನೆಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಗೊತ್ತಿತ್ತು. ಆದರೆ ತೀರ್ಥ ಎಂಬ ಮಾತು ಕಿವಿಗೆ ಬಿತ್ತೋ ಇಲ್ಲವೋ, ಸೆರಗಿನ ತುದಿಯ ಮೇಲೆ ಬಲಗೈ ಗುಳಿ ಮಾಡಿ ಹಿಡಿದುಬಿಟ್ಟಿದ್ದೆ. ದೇವರು ಯಾರವನಾದರೇನು, ತೀರ್ಥ ಬೇಡ ಎನ್ನುವ ರೂಢಿ ನಮ್ಮಲ್ಲಿಲ್ಲ. ಸುರಿಯುವ ಹೆಂಗಸು ಒಂದು ಕ್ಷಣ ನನ್ನ ಕೈ ನೋಡಿ, ನಗದೆ ನಾಲ್ಕು ಹನಿ ಹಾಕಿದಳು. ಕುಡಿದೆ, ಕೈ ತಲೆಗೆ ಒರೆಸಿಕೊಂಡೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಅಂಗಡಿಗೆ ಹೊರಟ ಇವರಿಗೆ ಹೇಳುವ ಹಾಗೆಯೇ, "ಹಿಡೀರಿ, ತೀರ್ಥ" ಎಂದುಬಿಟ್ಟೆ. ದಿನಾ ಬೆಳಿಗ್ಗೆಯ ಹಾಗೆಯೇ ಅವರೂ ಕೈ ಒಡ್ಡಿದರು. ಹೆಂಗಸು ಹಾಕಿದಳು.

ಅವರ ಕೈ ಬಾಯಿಯ ಹತ್ತಿರ ಹೋಗಿ ನಿಂತಿತು. ವಾಸನೆ ತಾಗಿದ್ದು ಅವರ ಮುಖದಲ್ಲಿ ಕಂಡಿತು. ಆಗ ನನಗೆ ಎಚ್ಚರವಾಯಿತು.

"ಕುಡಿ ಅಣ್ಣಾ" ಎಂದರು ಗೋನೆಗಂಡ್ಲದವರು. "ಅಕ್ಕನೇ ಹಾಕಿಸ್ಯಾಳ. ಪಾಪ ಬಂದ್ರ ಆಕಿಗಿ ಬರ್ತೈತಿ, ನಿನಗೇನು?"

ಸುತ್ತ ನಿಂತವರು ನಕ್ಕರು. ಹನಿಗಳು ಬೆರಳ ಸಂದಿಯಿಂದ ಇಳಿದು ಮಣಿಕಟ್ಟಿಗೆ ಬರುತ್ತಿದ್ದವು. ಇವರು ಅಂಗಳ ದಾಟಿ, ಬಗ್ಗಿ, ಒಂದು ಬಳ್ಳಿಯ ಬುಡಕ್ಕೆ ಅದನ್ನು ಬಿಟ್ಟರು. ಬಾಟಲಿಯ ನೀರಿನಲ್ಲಿ ಕೈ ತೊಳೆದರು. ಮೂಸಿ ನೋಡಿ ಇನ್ನೊಮ್ಮೆ ತೊಳೆದರು.

ಹಡಗಿಗೆ ಮರಳುವ ಬಸ್ಸಿನಲ್ಲಿ "ತಪ್ಪಾತ್ರಿ" ಎಂದೆ.

"ತಪ್ಪು ಇರ್ಲಿ ಬಿಡು" ಎಂದರು. ಕಿಟಕಿಯ ಕಡೆಗೇ ನೋಡುತ್ತಿದ್ದರು. "ಮರ್ತೀನಿ ಅನ್ಕೊಂಡಿದ್ದೆ. ಮರ್ತಿಲ್ಲ. ಕೈ ನಡುಗ್ತು ನೋಡಿದಿ?"

"ನೋಡಿದೆ."

"ಅಂಜಿ ನಡುಗಲಿಲ್ಲ ಅದು. ಬೇಕು ಅಂತ ನಡುಗ್ತು."

ಒಂಬತ್ತು ವರ್ಷ ಇವರ ಜೊತೆ ಉಂಡು, ನಡೆದು, ನನಗೆ ಗೊತ್ತಿರಲಿಲ್ಲ. ಇವರು ಕುಡಿತವನ್ನು ಒಂದೇ ದಿನ ಬಿಟ್ಟವರಲ್ಲ, ದಿನಾ ಬಿಡುತ್ತಿರುವವರು. ನಾನು ದೇವರಿಗೆ ಒಮ್ಮೆ ಕೈಮುಗಿದು ಸುಮ್ಮನಾಗಿದ್ದೆ. ಪಾಂಡುರಂಗ ಮಾತ್ರ ಬೆಳಗಾದರೆ ಹೊಸದಾಗಿ ಇವರ ಜೊತೆ ನಿಲ್ಲುತ್ತಿದ್ದ ಎಂದಾಯಿತು.

"ಹೆಂಗಿತ್ತು?" ಎಂದು ಕೇಳಿದರು.

ಚೆನ್ನಾಗಿರಲಿಲ್ಲ ಎನ್ನಬಹುದಿತ್ತು. ಆದರೆ ಅವರು ಅಷ್ಟು ನಿಜ ಹೇಳಿದ ಮೇಲೆ ನಾನು ಸುಳ್ಳು ಹೇಳಲಾರದೆ ಹೋದೆ. "ಚಲೋ ಇತ್ರಿ. ಉತ್ತತ್ತಿ ನೆನಸಿದ ನೀರಿನಂಗ. ಹಿಂದಲಿಂದ ಚೂರು ಹುಳಿ."

"ಚಲೋನೇ ಇರ್ತೈತಿ" ಎಂದರು. "ಕೆಟ್ಟಿದ್ರ ಬಿಡಾಕ ಇಷ್ಟು ಕಷ್ಟ ಆಗ್ತಿತ್ತೇನು?"

ಆ ಸಂಜೆ ಊಟಕ್ಕೆ ಹೋದಾಗ ನಮ್ಮ ಮೇಜಿನ ಮೇಲೆ ಅದೇ ದ್ವೀಪದ ಬಾಟಲಿ ಇತ್ತು. ಗೋನೆಗಂಡ್ಲದವರು ಅದರ ಮುಂದಿನ ಕುರ್ಚಿ ಎಳೆದು ಇವರನ್ನು ಕರೆದರು. ಇವರು ಕೂಡಲಿಲ್ಲ. ನನ್ನ ಮೊಳಕೈ ಹಿಡಿದು, ಎಲ್ಲರಿಗೂ ಕೇಳುವ ಹಾಗೆ, "ನೀ ಅಲ್ಲಿ ಕೂಡು. ನಾ ಈ ಕಡಿ ಕೂಡ್ತೀನಿ. ಇವತ್ತ ನನ್ನಿಂದ ಆಗಂಗಿಲ್ಲ" ಎಂದರು.

ಮದುವೆಯಾದಾಗಿನಿಂದ ಆ ಮನುಷ್ಯ ನನ್ನನ್ನು ಕೇಳಿದ ಮೊದಲ ಸಹಾಯ ಅದು. ನಾನು ಬಾಟಲಿಗೂ ಅವರಿಗೂ ನಡುವೆ ಕುಳಿತು, ಇಬ್ಬರ ತಟ್ಟೆಗೂ ಅನ್ನ ಬಡಿಸಿದೆ.