ಹೊಸ್ತಿಲಾಚೆ ಹೋದ ಉತ್ತರ

ಸ್ನೇಹಿತರೇ, ಇವತ್ತು ಭದ್ರಾವತಿಯ ನಮ್ಮ ಮನೆಯಲ್ಲಿ ಮಗಳು ಮೊದಲ ಸಲ ಹೊಸ್ತಿಲು ದಾಟಿದಳು. ನಾನು ನೋಡಲಿಲ್ಲ. ಪಕ್ಕದಲ್ಲೇ ಕೂತಿದ್ದೆ. ಶಿವಮೊಗ್ಗದ ಕಾಲೇಜಿನ ಸಂದರ್ಶನ ಹತ್ತಿರ ಬಂತೆಂದು ರೋಬೋಟಿಕ್ಸ್ ಗಣಿತದ ಪುಸ್ತಕ ಹಿಡಿದು, ನಿದ್ದೆಗೆಟ್ಟ ಕಣ್ಣು ಉಜ್ಜಿಕೊಳ್ಳುತ್ತ ಒಂದು ಲೆಕ್ಕದಲ್ಲಿ ಮುಳುಗಿದ್ದೆ.

ಅಡುಗೆಮನೆಯಿಂದ ಬಂದ ಅತ್ತೆ ಕೂಗಿದರು: "ಅಯ್ಯೋ ಮಾರಾಯ್ತಿ, ಕೂಸು ಜಗಲಿಗೆ ಹೋಯ್ತಲ್ಲೇ!"

ಓಡಿಹೋಗಿ ಎತ್ತಿ ತಂದು ಮತ್ತೆ ಒಳಗೆ ಕೂರಿಸಿದೆ. "ಇನ್ನೊಂದ್ಸಲ ದಾಟು ಪುಟ್ಟಿ, ಅಮ್ಮ ನೋಡ್ತಾಳೆ" ಎಂದೆ. ಗಿಲಕಿ ತೋರಿಸಿದೆ, ಬಿಸ್ಕತ್ತು ತೋರಿಸಿದೆ. ಅವಳು ನನ್ನ ಪುಸ್ತಕದ ಮೂಲೆ ಚೀಪುತ್ತ ಕೂತಳು.

"ಅದೇನು ನಿನ್ನ ರೋಬೋಟಾ, ಹೇಳಿದ ತಕ್ಷಣ ಮತ್ತೆ ಮಾಡೋಕೆ? ದಾಟಿದ್ದಾಯ್ತು ಬಿಡು. ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚು, ನಾನು ಕಡುಬು ಬೇಯಿಸ್ತೀನಿ" ಎಂದರು ಅತ್ತೆ.

ಹಚ್ಚಿದೆ. ಆಚೆ ಕೂತು, ಕೈಚಾಚಿ ಅವಳನ್ನು ಕರೆದುಕೊಳ್ಳಬೇಕೆಂದು ಎಷ್ಟು ದಿನದಿಂದ ಆಸೆಪಟ್ಟಿದ್ದೆ! ಕೊನೆಗೆ ಖಾಲಿ ಹೊಸ್ತಿಲಿಗೆ ಪೂಜೆ ಮಾಡಿದೆ.

ಅಂದಹಾಗೆ, ನಾನು ಬಿಡಿಸುತ್ತಿದ್ದ ಲೆಕ್ಕ ಇದು: ದಾರಿಗೆ ಅಡ್ಡವಾಗಿ ಏನಾದರೂ ಇದ್ದರೆ ರೋಬೋಟ್ ಅದನ್ನು ದಾಟಿ ಆಚೆ ತಲುಪುವುದು ಹೇಗೆ? ಉತ್ತರ ನನ್ನೆದುರೇ ಅಂಬೆಗಾಲಿಟ್ಟು ಹೋಯಿತು. ನಾನು ಅದನ್ನು ಪುಸ್ತಕದ ಕೊನೆಯ ಪುಟದಲ್ಲಿ ಹುಡುಕುತ್ತಿದ್ದೆ.