ಮಾಟಗಾತಿಯ ಏಟು

ಇಂದು ಬೆಳಿಗ್ಗೆ ಡ್ರೈಯರಿನಿಂದ ಬಟ್ಟೆ ತೆಗೆಯಲು ಬಗ್ಗಿದವಳು ಮೇಲೇಳಲಾಗದೆ ಹಾಗೇ ನಿಂತುಬಿಟ್ಟೆ. ಸೊಂಟ ಹಿಡಿದುಕೊಂಡಿತ್ತು. ದೇವರ ಹೆಸರಿಗೂ ಮೊದಲು ನನ್ನ ಬಾಯಿಗೆ ಬಂದದ್ದು ಒಂದು ಜರ್ಮನ್ ಪದ: ಹೆಕ್ಸೆನ್‌ಶುಸ್. ನಗಬೇಡಿ, ಆ ಪದದಿಂದ ನನ್ನ ಮರ್ಯಾದೆ ಒಮ್ಮೆ ಹೋಗಿದೆ.

ಆಗ ನಾವು ಅಮೆರಿಕದ ಸನ್ನಿವೇಲಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಕೆಳಗಿನ ಮನೆಯಲ್ಲಿ ಇಂಗ್ರಿಡ್, ಲೈಬ್ರರಿ ಕೆಲಸದಿಂದ ನಿವೃತ್ತರಾದ ಎಪ್ಪತ್ತು ದಾಟಿದ ಜರ್ಮನ್ ಹೆಂಗಸು. ನಮ್ಮ ಮನೆಯ ಇನ್ನೊಂದು ಕೀ ಅವರ ಬಳಿಯೇ ಇರುತ್ತಿತ್ತು. ಆ ಬೇಸಿಗೆಯಲ್ಲಿ ಮಂಡ್ಯದಿಂದ ಅತ್ತೆ ಬಂದಿದ್ದರು. ಒಂದು ದಿನ ಲಾಂಡ್ರಿ ರೂಮಿನಲ್ಲಿ ಬುಟ್ಟಿ ಎತ್ತಲು ಹೋಗಿ "ಅಯ್ಯಯ್ಯಪ್ಪಾ" ಎಂದು ಕುಸಿದು ಕೂತರು. ಪಕ್ಕದಲ್ಲಿದ್ದ ಇಂಗ್ರಿಡ್ ಅವರ ತೋಳು ಹಿಡಿದು, "ಹೆಕ್ಸೆನ್‌ಶುಸ್" ಎಂದರು.

ಅರ್ಥ ಕೇಳಿದ್ದು ನನ್ನ ತಪ್ಪು. ಮಾಟಗಾತಿ ಹೊಡೆದ ಬಾಣ ಎಂದರ್ಥವಂತೆ. ಡೆನ್ಮಾರ್ಕ್, ನಾರ್ವೆಗಳಲ್ಲೂ ಸೊಂಟ ಹಿಡಿದರೆ ಅಂಥದೇ ಪದವಂತೆ. ಹಳೆಯ ಇಂಗ್ಲಿಷಿನಲ್ಲಿ ಆ ಬಾಣ ಕೀಳುವ ಮಂತ್ರವೇ ಇದೆಯಂತೆ. ಪದಗಳೆಂದರೆ ಇಂಗ್ರಿಡ್‌ಗೆ ಪ್ರಾಣ. "ಹೆಕ್ಸೆ ಅಂದ್ರೆ ಮಾಟಗಾತಿ, ಮೊದಲು ಬೇಲಿ ಮೇಲೆ ಕೂರೋ ಹೆಂಗಸು ಅಂತ ಅರ್ಥ ಇತ್ತೇನೋ, ಪಂಡಿತರ ಊಹೆ" ಎಂದು ಇಂಗ್ಲಿಷಿನಲ್ಲಿ ಉತ್ಸಾಹದಿಂದ ವಿವರಿಸಿದರು. ನಾನು ಅಷ್ಟನ್ನೂ ಅತ್ತೆಗೆ ಕನ್ನಡದಲ್ಲಿ ಒಪ್ಪಿಸಿದೆ.

"ಬೇಲಿ ಮೇಲಿರೋಳು ಅಂದ್ರೆ ಪಕ್ಕದ ಮನೆಯೋಳೇ ಅಲ್ವೇನವ್ವ?" ಎಂದರು ಅತ್ತೆ, ಹಾಸಿಗೆಯಲ್ಲಿ ಮಲಗಿಕೊಂಡೇ. "ನೆನ್ನೆ ನನ್ ಜಡೆ ನೋಡಿ ಬ್ಯೂಟಿಫುಲ್ ಅಂದ್ಲು. ಇವತ್ತು ಸೊಂಟ ಹೋಯ್ತು. ಅವಳೇ ಬಾಯ್ಬುಟ್ಟು ಹೇಳವ್ಳಲ್ಲ!"

ನಾನು ನಕ್ಕೆ. ಇಂಜಿನಿಯರು, ನಗಲೇಬೇಕು. ಆದರೆ ಅದೇ ವಾರ ನಮ್ಮದೊಂದು ಪಾರ್ಸಲ್ಲು ಬರಲಿಲ್ಲ. ಇಂಗ್ರಿಡ್ ಅಡುಗೆಮನೆಯ ಕಿಟಕಿಯಲ್ಲಿ ಒಣಗಿದ ಸೊಪ್ಪಿನ ಕಟ್ಟುಗಳು ತೂಗುತ್ತಿದ್ದುದು ಮೊದಲ ಬಾರಿಗೆ ಕಣ್ಣಿಗೆ ಬಿತ್ತು. ನಾವು ಸಾಂಟಾ ಕ್ಲಾರಾಕ್ಕೆ ಹೋಗಿಬಂದದ್ದು ಅವರಿಗೆ ಹೇಗೆ ಗೊತ್ತು? ನಾನೇ ಹೇಳಿದ್ದೆ, ಆ ಮಾತು ಬೇರೆ. ಶುಕ್ರವಾರ ಕೆಳಗಿಳಿದು, "ಓನರ್ ಎಲ್ಲ ಕೀ ವಾಪಸ್ ಕೇಳ್ತಿದಾರೆ" ಎಂದೆ.

"ನನ್ನನ್ನ ಏನೂ ಕೇಳಲಿಲ್ಲವಲ್ಲ" ಎಂದರು ಇಂಗ್ರಿಡ್. ಇಬ್ಬರಿಗೂ ಒಬ್ಬನೇ ಓನರ್. ಒಂದು ಕ್ಷಣ ನನ್ನ ಮುಖ ನೋಡಿ, ಕೀ ತಂದು ಅಂಗೈಯಲ್ಲಿಟ್ಟರು. ಆಮೇಲೆ ಎದುರಾದಾಗ ಹಲೋ ಅನ್ನುತ್ತಿದ್ದರು, ಅಷ್ಟೆ. ಯಾವ ಪದದ ಕತೆಯೂ ಇಲ್ಲ. ಪಾರ್ಸಲ್ಲು ಪಕ್ಕದ ಬಿಲ್ಡಿಂಗಿನಲ್ಲಿ ಸಿಕ್ಕಿತು. ಆದರೂ ನಾನು ಕೆಳಗಿಳಿಯಲಿಲ್ಲ.

ಮೂರು ವಾರದ ನಂತರ, ಗುಣವಾಗಿ ಮೆಟ್ಟಿಲ ಮೇಲೆ ಬಿಸಿಲು ಕಾಯುತ್ತಿದ್ದ ಅತ್ತೆ ಕೂಗಿದರು: "ಬಾರವ್ವ ಬೇಗ! ಇವಳ್ಗೂ ಹೊಡದವ್ರೆ!" ಓಡಿಬಂದರೆ ಇಂಗ್ರಿಡ್ ಕಂಬಿ ಹಿಡಿದು ಅರ್ಧಕ್ಕೆ ಬಗ್ಗಿ ನಿಂತಿದ್ದಾರೆ. "ಹಂಗಾರೆ ಇವಳಲ್ಲ ಕಣವ್ವ" ಎಂದರು ಅತ್ತೆ, ಬಹಳ ನಿರಾಳವಾಗಿ.

ಇಂಗ್ರಿಡ್‌ರನ್ನು ಅವರ ಮನೆಗೆ ಕರೆದೊಯ್ದು ಮಲಗಿಸಿದೆವು. ಹರಳೆಣ್ಣೆ ಬಿಸಿಮಾಡಿ ಅತ್ತೆ ತಾವೇ ಅವರ ಸೊಂಟ ತಿಕ್ಕಿದರು. "ಮತ್ಯಾರು ಹೊಡದಿದ್ದು, ಕೇಳು" ಎಂದರು. ಕೇಳಿದೆ. ಇಂಗ್ರಿಡ್ ದಿಂಬಿನಿಂದ ಮುಖವೆತ್ತದೆ, "ಈ ಬಿಲ್ಡಿಂಗಲ್ಲಿ ಸೊಂಟ ನೆಟ್ಟಗಿರೋದು ನಿಮ್ಮ ಸೊಸೇದು ಮಾತ್ರ" ಎಂದರು. ಅದನ್ನೂ ನಾನೇ ಅನುವಾದಿಸಬೇಕಾಯಿತು. ಅತ್ತೆ ಕೈ ನಿಲ್ಲಿಸಿ ನನ್ನನ್ನು ದಿಟ್ಟಿಸಿ, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಹೊರಡುವಾಗ ನಮ್ಮ ಮನೆಯ ಕೀ ಮತ್ತೆ ಅವರತ್ತ ಚಾಚಿದೆ.

"ಬೇಡ. ಓನರ್ ಮತ್ತೆ ಕೇಳಿದರೆ?" ಎಂದರು ಇಂಗ್ರಿಡ್.

ಈಗ ಅವರು ಮಗಳ ಮನೆಯ ಹತ್ತಿರ, ಹೇವರ್ಡಿನಲ್ಲಿದ್ದಾರೆ. ಇಂದು ಕಾರ್ಪೆಟ್ ಮೇಲೆ ಅಂಗಾತ ಮಲಗಿ ಫೋನು ಮಾಡಿದೆ. ಪದ ಕೇಳಿದ್ದೇ ನಕ್ಕರು. "ಯಾರ ಮೇಲೆ ಅನುಮಾನ?"

"ಯಾರ ಮೇಲೂ ಇಲ್ಲ. ಇಂಗ್ರಿಡ್, ಅವತ್ತು ಓನರ್ ಕೀ ಕೇಳಿರಲಿಲ್ಲ. ನಾನು ಸುಳ್ಳು ಹೇಳಿದೆ."

ಆ ಕಡೆ ನಲ್ಲಿಯ ಸದ್ದು ನಿಂತಿತು.

"ಇದನ್ನ ಹೇಳೋಕೆ ನಿನ್ನ ಸೊಂಟ ಹೋಗಬೇಕಾಯ್ತಾ?" ಎಂದರು. ನಲ್ಲಿ ಮತ್ತೆ ತಿರುಗಿಸಿ, "ಎದ್ದು ಓಡಾಡೋ ಹಾಗಾದ ಮೇಲೆ ಬಾ. ಕಾಫಿ ಮಾಡ್ತೀನಿ."

ಶನಿವಾರ ಬರುತ್ತೇನೆ ಎಂದೆ.